ವೀಸಾ ಇರುವಷ್ಟು ದಿನದ ಊರು

ದುಬೈನ ಕರಾಮದಲ್ಲಿ ನಾವಿದ್ದ ಬಿಲ್ಡಿಂಗಿನ ಕೆಳಗೆ ಒಬ್ಬ ಮಲಯಾಳಿ ಕಾಕನ ಗ್ರೋಸರಿ ಇತ್ತು. ಅದರ ಗಾಜಿನ ಬಾಗಿಲಿಗೆ ಯಾವಾಗ ನೋಡಿದರೂ ಹತ್ತಿಪ್ಪತ್ತು ಚೀಟಿ ಅಂಟಿರುತ್ತಿದ್ದವು. ಅರ್ಧದಷ್ಟು ಬೆಡ್ ಸ್ಪೇಸಿನವು, ಅಂದರೆ ರೂಮಲ್ಲ, ಬರೀ ಒಂದು ಮಂಚದ ಜಾಗ ಬಾಡಿಗೆಗೆ. ‘ಕೇರಳ ಬ್ಯಾಚುಲರ್ ಮಾತ್ರ’, ‘ಫಿಲಿಪಿನೋ ಲೇಡೀಸ್ ಮಾತ್ರ’, ‘ವೆಜ್ ಫ್ಯಾಮಿಲಿ ಜೊತೆ ಒಂದು ರೂಮು’. ಇನ್ನರ್ಧ ಊರು ಬಿಟ್ಟು ಹೋಗುವವರದು. ‘ಫ್ಯಾಮಿಲಿ ಲೀವಿಂಗ್. ಫ್ರಿಜ್, ಸೋಫಾ, ಮಗುವಿನ ಸೈಕಲ್. ಅರ್ಜೆಂಟ್.’ ದುಬೈ ಎಂಥ ಊರು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ಬಾಗಿಲು.

2024ರ ಕೊನೆಗೆ ಆ ಊರಿನ ಜನಸಂಖ್ಯೆ 38 ಲಕ್ಷ ದಾಟಿತ್ತು. ಅದರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೊರದೇಶದವರು. ಇಡೀ ಯುಎಇಯಲ್ಲಿ 200 ದೇಶದವರಿದ್ದಾರೆ ಅಂತ ಅಲ್ಲಿನ ಸರ್ಕಾರ ಹೇಳಿಕೊಳ್ಳುತ್ತದೆ. ಭಾರತೀಯರೇ 35 ಲಕ್ಷಕ್ಕಿಂತ ಜಾಸ್ತಿ. ಇಷ್ಟು ಭಾಷೆ, ಇಷ್ಟು ದೇವರು, ಇಷ್ಟು ಬಗೆಯ ಊಟ ಒಂದೇ ಕಡೆ ಇದ್ದೂ ಬೀದಿಯಲ್ಲಿ ಜಗಳ ಇಲ್ಲ. ಹೇಗೆ? ಸಹಿಷ್ಣುತೆ ಅನ್ನುವುದು ಸರ್ಕಾರದ ಉತ್ತರ. 2016ರಲ್ಲಿ ಅದಕ್ಕೊಂದು ಸಚಿವ ಹುದ್ದೆಯನ್ನೇ ಮಾಡಿದರು, 2019ನ್ನು ಸಹಿಷ್ಣುತೆಯ ವರ್ಷ ಅಂತ ಕರೆದರು. ಅದು ಸುಳ್ಳೇನಲ್ಲ. ಆದರೆ ಅಲ್ಲಿ ಇದ್ದು ಬಂದವನಿಗೆ ಇನ್ನೊಂದು ಕಾರಣ ಕಾಣುತ್ತದೆ. ಅಲ್ಲಿ ಯಾರೂ ಖಾಯಂ ಅಲ್ಲ. ನಾಳೆ ಹೊರಡುವವನು ಇವತ್ತು ಪಾಲು ಕೇಳುವುದಿಲ್ಲ. ಪಾಲು ಕೇಳದ ಮನೆಯಲ್ಲಿ ಜಗಳ ಕಮ್ಮಿ. ಈಗ ಅದೇ ಸರ್ಕಾರ ಕೆಲವರಿಗೆ ‘ಇಲ್ಲೇ ಇರಿ’ ಅನ್ನುತ್ತಿದೆ. ಹಾಗಾಗಿ ಈ ಲೆಕ್ಕ ಮೊದಲಿನಂತೆ ಉಳಿದಿಲ್ಲ.

ಎಣ್ಣೆ ಸಿಕ್ಕಿದ ಮೇಲೆ ಹೊರಗಿನವರು ಬಂದರು ಅನ್ನುವುದು ಅರ್ಧ ನಿಜ. ಕಳೆದ ಶತಮಾನದ ಶುರುವಿನಲ್ಲೇ ಪರ್ಷಿಯಾದ ಲಿಂಗೆ ಬಂದರಿನಲ್ಲಿ ಸುಂಕ ಏರಿದಾಗ ದುಬೈನ ಶೇಖ್ ತನ್ನ ಬಂದರಿನ ಸುಂಕ ತೆಗೆದುಹಾಕಿದ್ದ. ಆ ಕಡೆಯ ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಕ್ರೀಕಿನ, ಅಂದರೆ ಊರೊಳಗೆ ಚಾಚಿದ ಕಡಲಿನ, ದಡಕ್ಕೆ ಬಂದು ಇಳಿದರು. ಬಸ್ತಕ್ ಅನ್ನುವ ಊರಿನವರು ಕಟ್ಟಿದ ಕೇರಿ ಬಸ್ತಕಿಯಾ ಆಯಿತು. ನಮ್ಮಲ್ಲಿ ಗಾಳಿಗೋಪುರ ಅಂದರೆ ಬರೀ ಕನಸು, ಅಲ್ವಾ? ಅಲ್ಲಿನ ಹಳೇ ಮನೆಗಳ ಮೇಲೆ ನಿಜವಾದ ಗಾಳಿಗೋಪುರಗಳಿವೆ. ಮೇಲಿನ ಗಾಳಿ ಹಿಡಿದು ಕೆಳಗಿನ ಕೋಣೆ ತಂಪು ಮಾಡುತ್ತವೆ. ಸಿಂಧದ ಠಟ್ಟಾ ಕಡೆಯ ಭಾಟಿಯಾಗಳು ಮುತ್ತಿನ ವ್ಯಾಪಾರಕ್ಕೆ ಬಂದು ಬರ್ ದುಬೈನಲ್ಲಿ ನೆಲೆಸಿದರು. 1909ರಲ್ಲಿ ಅಲ್ಲಿ ತೆರೆದದ್ದು ಭಾರತದ ಅಂಚೆ ಕಚೇರಿ. ಸಂತೆಯಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. 1959ರಿಂದ ಕೊಲ್ಲಿ ನಾಡುಗಳಿಗೆ ಅಂತಲೇ ಬೇರೆ ನೋಟು ಅಚ್ಚು ಹಾಕಿದರು. 1966ರಲ್ಲಿ ನಾವು ರೂಪಾಯಿಯ ಬೆಲೆ ಇಳಿಸಿದಾಗ ದುಬೈ ಅದನ್ನು ಕೈಬಿಟ್ಟಿತು. ಅದೇ ವರ್ಷ ಅದರ ಕಡಲಲ್ಲಿ ಎಣ್ಣೆ ಸಿಕ್ಕಿತು.

1968ರ ಜನಗಣತಿಯಲ್ಲಿ ಇಡೀ ದುಬೈನ ಜನ ಸುಮಾರು 59 ಸಾವಿರ. ಇಲ್ಲಿಂದ 38 ಲಕ್ಷಕ್ಕೆ ಹೋದದ್ದು ಹೆರಿಗೆಯಿಂದ ಅಲ್ಲ, ವೀಸಾದಿಂದ.

ವೀಸಾದ ಒಳಗುಟ್ಟು ತಿಳಿಯದೆ ಆ ಊರು ಅರ್ಥ ಆಗುವುದಿಲ್ಲ. ಕೆಲಸ ಕೊಟ್ಟ ಕಂಪನಿ ನಿಮಗೆ ವೀಸಾ ಮಾಡಿಸುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೆ. ಆಮೇಲೆ ರಕ್ತ ಪರೀಕ್ಷೆ, ಎಕ್ಸ್‌ರೇ, ಎಮಿರೇಟ್ಸ್ ಐಡಿ. ಆ ಕಾರ್ಡು ಇದ್ದರೆ ಬ್ಯಾಂಕ್ ಖಾತೆ, ಮನೆ ಬಾಡಿಗೆ, ಡ್ರೈವಿಂಗ್ ಲೈಸೆನ್ಸ್, ಮಗುವಿನ ಸ್ಕೂಲು. ಹೆಂಡತಿ ಮಕ್ಕಳ ವೀಸಾ ನಿಮ್ಮ ವೀಸಾದಿಂದ ನೇತಾಡುತ್ತದೆ. ಕೆಲಸ ಹೋದರೆ ಕಂಪನಿ ‘ಕ್ಯಾನ್ಸಲ್’ ಮಾಡಿಸುತ್ತದೆ. ಗಲ್ಫಿನಲ್ಲಿ ಇದ್ದವರಿಗೆ ಆ ಒಂದು ಮಾತು ಕೇಳಿದರೆ ಸಾಕು, ಹೊಟ್ಟೆ ಚುರುಕ್ ಅನ್ನುತ್ತದೆ. ಮೊದಲು ಕ್ಯಾನ್ಸಲ್ ಆದ 30 ದಿನಕ್ಕೆ ಊರು ಬಿಡಬೇಕಿತ್ತು. 2022ರ ಬದಲಾವಣೆಯ ನಂತರ ವೀಸಾದ ಬಗೆ ನೋಡಿಕೊಂಡು ಇನ್ನೂ ಜಾಸ್ತಿ ದಿನ ಸಿಗುತ್ತದೆ. 2023ರಿಂದ ಕೆಲಸ ಕಳೆದುಕೊಂಡವರಿಗೆ ಕಡ್ಡಾಯ ವಿಮೆಯೂ ಇದೆ. ಮೂಲ ಸಂಬಳ 16 ಸಾವಿರ ದಿರಹಮಿನವರೆಗೆ ತಿಂಗಳಿಗೆ 5 ದಿರಹಮ್ ಕಟ್ಟಿದರೆ, ಕೆಲಸ ಹೋದ ಮೇಲೆ ಮೂಲ ಸಂಬಳದ ಶೇ 60ರಷ್ಟು ಮೂರು ತಿಂಗಳವರೆಗೆ ಬರುತ್ತದೆ. ಒಳ್ಳೆಯದೇ. ಆದರೆ ಗಮನಿಸಿ, ಇದೆಲ್ಲ ಹೊರಡುವ ದಿನವನ್ನು ಸ್ವಲ್ಪ ಮುಂದೂಡುವ ಏರ್ಪಾಡು.

ಹೋಗುವಾಗ ಕೊಡುವ ಗ್ರ್ಯಾಚುಟಿಯ ಲೆಕ್ಕವೂ ಹೀಗೇ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ‘ಮೂಲ’ ಅನ್ನುವಲ್ಲೇ ಕಿತಾಪತಿ ಇರುವುದು. ಕೈಗೆ ಬರುವ ದುಡ್ಡಿನಲ್ಲಿ ಬೇಸಿಕ್ ಕಮ್ಮಿ ತೋರಿಸಿ ಉಳಿದದ್ದನ್ನು ಅಲೊಯನ್ಸ್ ಅಂತ ಬರೆದರೆ ಕೊನೆಗೆ ಕೊಡುವುದು ಉಳಿಯುತ್ತದೆ. ನಾನಿದ್ದ ಕಂಪನಿಯಲ್ಲೂ ಹಾಗೇ ಬರೆದಿದ್ದರು. ಸೇರುವಾಗ ಒಟ್ಟು ಮೊತ್ತ ನೋಡಿ ಖುಷಿಯಿಂದ ಸಹಿ ಹಾಕಿದ್ದೆ. ಬುದ್ಧಿ ಬಂದದ್ದು ಬಿಡುವಾಗ.

ಇನ್ನು ಮನೆಯ ವಿಷಯ. ಮೊದಲ ಎರಡು ವರ್ಷ ನಾನು ಸತ್ವಾದಲ್ಲಿ ಬೆಡ್ ಸ್ಪೇಸಿನಲ್ಲಿದ್ದೆ. ಒಂದು ದೊಡ್ಡ ಹಾಲ್, ಮಧ್ಯದಲ್ಲಿ ಜಿಪ್ಸಂ ಬೋರ್ಡಿನ ಗೋಡೆ, ಒಂದೊಂದು ಭಾಗದಲ್ಲಿ ಮೂರು ಅಂತಸ್ತಿನ ಮಂಚ ಎರಡೆರಡು. ನನಗೆ ಸಿಕ್ಕಿದ್ದು ಮೇಲಿನದು. ಎದ್ದು ಕೂತರೆ ತಲೆ ಸೀಲಿಂಗಿಗೆ ಬಡಿಯುತ್ತಿತ್ತು. ಮಂಚದ ಸುತ್ತ ಕರ್ಟನ್, ಒಳಗೊಂದು ಪ್ಲಗ್ ಪಾಯಿಂಟು, ಅಂಗೈಯಗಲದ ಫ್ಯಾನು. ಕರ್ಟನ್ ಎಳೆದರೆ ಅದೇ ನನ್ನ ಮನೆ. ಬೆಳಿಗ್ಗೆ ಬಾತ್‌ರೂಮಿಗೆ ಒಬ್ಬೊಬ್ಬರಿಗೆ ಹತ್ತು ನಿಮಿಷ, ಟೈಮ್ ಟೇಬಲ್ ಬಾಗಿಲಿಗೇ ಅಂಟಿಸಿದ್ದರು. ಫ್ರಿಜ್ಜಿನಲ್ಲಿ ಒಬ್ಬೊಬ್ಬರದು ಒಂದೊಂದು ಡಬ್ಬಿ, ಮೇಲೆ ಹೆಸರು. ನಮ್ಮ ಭಾಗದ ಆರು ಮಂದಿಯೂ ಮಂಗಳೂರು, ಉಡುಪಿ, ಕಾಸರಗೋಡಿನವರು. ಗೋಡೆಯ ಆಚೆ ಆರು ಜನ ಪಾಕಿಸ್ತಾನದ ಪೇಶಾವರ ಕಡೆಯವರು. ಎರಡು ವರ್ಷದಲ್ಲಿ ಅವರೊಡನೆ ಒಂದು ಸಲವೂ ಮಾತು ಕೆಡಲಿಲ್ಲ. ಅವರ ಹೆಸರೂ ನನಗೆ ಗೊತ್ತಾಗಲಿಲ್ಲ. ಈದಿಗೆ ಒಂದು ಪಾತ್ರೆ ಸೇವಿಗೆ ಪಾಯಸ ಬರುತ್ತಿತ್ತು, ಪಾತ್ರೆ ತೊಳೆದು ಬಾಗಿಲ ಹತ್ತಿರ ಇಡುತ್ತಿದ್ದೆವು.

ಅಲ್ಲಿ ‘ಬ್ಯಾಚುಲರ್’ ಅಂದರೆ ಮದುವೆ ಆಗದವನು ಅಂತ ಅಲ್ಲ, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವನು ಅಂತ. ನನ್ನ ಕೆಳಗಿನ ಮಂಚದಲ್ಲಿದ್ದ ಬಂಟ್ವಾಳದ ಬ್ಯಾರಿ ಒಬ್ಬರಿಗೆ ಮೊಮ್ಮಗ ಹುಟ್ಟಿದ. ರೂಮಿಗೆಲ್ಲ ಲಡ್ಡು ಹಂಚಿದರು. ಬಾಡಿಗೆ ಪುಸ್ತಕದಲ್ಲಿ ಆವತ್ತೂ ಅವರು ಬ್ಯಾಚುಲರೇ. ಇದಕ್ಕೂ ಕಾರಣ ವೀಸಾ ನಿಯಮ. ಕುಟುಂಬ ಕರೆಸಿಕೊಳ್ಳಲು ತಿಂಗಳಿಗೆ ಕಮ್ಮಿ ಅಂದರೂ 4,000 ದಿರಹಮ್ ಸಂಬಳ ಬೇಕು, ಇಲ್ಲವೇ 3,000 ಜೊತೆಗೆ ಕಂಪನಿ ಕೊಟ್ಟ ಮನೆ. ಅದಿದ್ದರೂ ಬಾಡಿಗೆ ಕಟ್ಟುವುದು ಹೇಗೆ? ವರ್ಷದ ಬಾಡಿಗೆಗೆ ಮುಂಗಡವಾಗಿಯೇ ಎರಡೋ ನಾಲ್ಕೋ ಚೆಕ್ ಬರೆದುಕೊಡಬೇಕು. ಅದರ ಮೇಲೆ ಬಾಡಿಗೆಯ ಶೇ 5ರಷ್ಟು ‘ಹೌಸಿಂಗ್ ಫೀ’ ಕರೆಂಟು ನೀರಿನ ಬಿಲ್ಲಿನಲ್ಲಿ ಸೇರಿ ಬರುತ್ತದೆ. ಆದಾಯ ತೆರಿಗೆ ಇಲ್ಲದ ಊರು ಅಂತ ನಂಬಿ ಬಂದವರಿಗೆ ಇದು ಮೊದಲ ಪಾಠ.

2025ರ ಜೂನಿನಲ್ಲಿ ದುಬೈ ಮುನ್ಸಿಪಾಲಿಟಿ ಈ ಪಾರ್ಟಿಷನ್ ಮನೆಗಳ ಮೇಲೆ ಬಿಗಿಯಾಗಿ ಬಿತ್ತು. ಅಲ್ ರಿಗ್ಗಾ, ಮುರಕ್ಕಬಾತ್, ಬರ್ಶಾ, ಸತ್ವಾ, ರಫಾ ಕಡೆಯೆಲ್ಲ ಪರವಾನಗಿ ಇಲ್ಲದ ಗೋಡೆಗಳನ್ನು ಕೆಡವಲು ಹೇಳಿದರು. ಬೆಂಕಿಯ ಭಯ ನಿಜ. ಆ ಹಾಲ್‌ನಲ್ಲಿ ಬೆಂಕಿ ಬಿದ್ದಿದ್ದರೆ ಮೇಲಿನ ಮಂಚದವನ ಗತಿ ಏನಾಗುತ್ತಿತ್ತು ಅಂತ ಈಗ ನೆನೆಸಿಕೊಂಡರೂ ಬೆವರುತ್ತದೆ. ಆದರೆ ಗೋಡೆ ಬಿದ್ದ ಮೇಲೆ ಅದೇ ಸಂಬಳಕ್ಕೆ ಅವರು ಎಲ್ಲಿ ಮಲಗಬೇಕು? ಹೋಟೆಲಿನ ವೇಟರು, ಸಲೂನಿನ ಹುಡುಗಿ, ಮಾಲಿನ ಸೆಕ್ಯುರಿಟಿ, ಇವರೆಲ್ಲ ಮೆಟ್ರೋ ಹತ್ತಿರ ಇರಲೇಬೇಕಾದವರು. ಕಟ್ಟಡದ ಕೆಲಸದವರದು ಇನ್ನೂ ಬೇರೆ ಲೋಕ. ಮುಹೈಸ್ನಾದ ಲೇಬರ್ ಕ್ಯಾಂಪುಗಳ ಜಾಗಕ್ಕೆ ಎಲ್ಲರೂ ‘ಸೋನಾಪುರ’ ಅನ್ನುತ್ತಾರೆ. ಚಿನ್ನದ ಊರು! ಆ ಹೆಸರು ಇಟ್ಟವನು ತಮಾಷೆಗೆ ಇಟ್ಟನೋ ಆಸೆಗೆ ಇಟ್ಟನೋ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, 2009ರಿಂದ ಸಂಬಳ ಬ್ಯಾಂಕಿನ ಮೂಲಕವೇ ಹೋಗುವ ಪದ್ಧತಿ ಇದೆ. ಇವು ದೊಡ್ಡ ಸುಧಾರಣೆಗಳೇ. ನಲವತ್ತೈದು ಡಿಗ್ರಿ ಬಿಸಿಲಿಗೆ ಮೂರೂವರೆಯೂ ಮಧ್ಯಾಹ್ನವೇ ಅನ್ನುವುದು ಬೇರೆ ಮಾತು.

ದೇವರ ವಿಷಯದಲ್ಲಿ ದುಬೈ ನಿಜಕ್ಕೂ ಧಾರಾಳಿ. ಬರ್ ದುಬೈನಲ್ಲಿ ಬಟ್ಟೆ ಅಂಗಡಿಗಳ ಸಂದಿಯಲ್ಲಿ, ಗ್ರ್ಯಾಂಡ್ ಮಸೀದಿಯ ಪಕ್ಕದಲ್ಲೇ, 1958ರಿಂದ ಒಂದು ದೇವಸ್ಥಾನ ಇತ್ತು. ಇಕ್ಕಟ್ಟಾದ ಮೆಟ್ಟಿಲು. ಹಬ್ಬದ ದಿನ ಗಂಟೆಗಟ್ಟಲೆ ಸಾಲು. 2024ರ ಜನವರಿಯಲ್ಲಿ ಅದು ಮುಚ್ಚಿ ಜೆಬೆಲ್ ಅಲಿಗೆ ಹೋಯಿತು. ಅಲ್ಲಿ 2022ರ ದಸರೆ ಸಮಯಕ್ಕೆ ಹೊಸ ದೊಡ್ಡ ದೇವಸ್ಥಾನ ತೆರೆದಿದ್ದರು. ಪಕ್ಕದಲ್ಲೇ ಗುರುದ್ವಾರ, ಸುತ್ತ ಚರ್ಚುಗಳು. ಎಲ್ಲ ದೇವರಿಗೂ ಒಂದೇ ಲೇಔಟಿನಲ್ಲಿ ಸೈಟು ಕೊಟ್ಟ ಹಾಗಿದೆ. ಪಾರ್ಕಿಂಗ್ ಇದೆ, ಎಸಿ ಇದೆ. ಆದರೂ ನನಗೆ ಹಳೇ ಸಂದಿಯೇ ಇಷ್ಟ. ಅಲ್ಲಿ ಹೂವಿನವನ ಕೂಗು, ನಮಾಜಿನ ಕರೆ ಎರಡೂ ಒಟ್ಟಿಗೆ ಕೇಳುತ್ತಿದ್ದವು.

ಊದ್ ಮೇಥಾದ ಸೇಂಟ್ ಮೇರೀಸ್ ಚರ್ಚಿನಲ್ಲಿ ಕೊಂಕಣಿಯಲ್ಲೂ ಪೂಜೆ ಆಗುತ್ತದೆ. ವಾರದ ರಜೆ ಶುಕ್ರವಾರ ಇದ್ದ ಕಾಲದಲ್ಲಿ ಭಾನುವಾರದ ಪೂಜೆಗೆ ಶುಕ್ರವಾರವೇ ಜನ ತುಂಬುತ್ತಿದ್ದರು. 2022ರ ಜನವರಿಯಿಂದ ರಜೆ ಶನಿವಾರ ಭಾನುವಾರಕ್ಕೆ ಬಂತು, ಶುಕ್ರವಾರ ಅರ್ಧ ದಿನ. ಮಂಗಳೂರಿನಲ್ಲಿರುವ ಅಮ್ಮನೊಡನೆ ರಜೆಯ ದಿನವೇ ವಿಡಿಯೋ ಕಾಲ್ ಮಾಡಲು ಆಯಿತು ಅಂತ ನಮ್ಮ ಪಕ್ಕದ ಫ್ಲಾಟಿನ ಅಕ್ಕ ಖುಷಿಪಟ್ಟಿದ್ದರು.

ಈ ಧಾರಾಳಕ್ಕೆ ಬೇಲಿಯೂ ಇದೆ. ಧರ್ಮನಿಂದೆ, ದ್ವೇಷದ ಮಾತಿನ ವಿರುದ್ಧ 2015ರಲ್ಲೇ ಕಠಿಣ ಕಾನೂನು ಬಂತು. 2020ರಲ್ಲಿ ಮುಸ್ಲಿಮರ ಬಗ್ಗೆ ಕೆಟ್ಟದಾಗಿ ಪೋಸ್ಟ್ ಹಾಕಿದ ಕೆಲವು ಭಾರತೀಯರ ಕೆಲಸ ಹೋಯಿತು. ಊರಲ್ಲಿ ವಾಟ್ಸಾಪಿನಲ್ಲಿ ಬೆಂಕಿ ಉಗುಳುವ ನಮ್ಮವರೇ ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ತಣ್ಣಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನಸ್ಸು ಬದಲಾಗಿದೆಯೋ ಇಲ್ಲವೋ ಹೇಳುವುದು ಕಷ್ಟ. ಸಂಘ ಕಟ್ಟಲು ಪರವಾನಗಿ ಬೇಕು, ದುಡ್ಡು ಎತ್ತಲು ಅನುಮತಿ ಬೇಕು. ಊರಿನ ಯಾರಿಗಾದರೂ ಆಸ್ಪತ್ರೆ ಖರ್ಚಿಗೆ ಅಂತ ಗ್ರೂಪಿನಲ್ಲಿ ಚಂದಾ ಎತ್ತಿದರೂ ಕಾನೂನು ಮುರಿದಂತೆ.

ಭಾಷೆ ಮಾತ್ರ ಯಾವ ಬೇಲಿಯನ್ನೂ ಕೇಳುವುದಿಲ್ಲ. ನಮ್ಮ ‘ಕಡಕ್’ ಚಹಾ ಅಲ್ಲಿ ‘ಕರಕ್’ ಆಗಿ ಅರಬರ ಬಾಯಲ್ಲೂ ಕೂತಿದೆ. ಟ್ಯಾಕ್ಸಿಯಲ್ಲಿ ನೇರ ಹೋಗು ಅನ್ನಲು ಎಮಿರಾತಿಗಳೂ, ಅಂದರೆ ಅಲ್ಲಿನ ಪೌರರೂ, ‘ಸೀದಾ’ ಅನ್ನುತ್ತಾರೆ. ‘ಖಲ್ಲಿವಲ್ಲಿ’, ಅಂದರೆ ಬಿಟ್ಟುಹಾಕು ಮಾರಾಯ, ಅನ್ನುವ ಮಾತು ಊರಿಗೆ ಬಂದ ಮೇಲೂ ನನ್ನ ನಾಲಿಗೆ ಬಿಟ್ಟಿಲ್ಲ. ನೆರೆಯ ಅಬುಧಾಬಿ 2019ರಲ್ಲಿ ಹಿಂದಿಯನ್ನು ಕೋರ್ಟಿನ ಮೂರನೇ ಭಾಷೆ ಮಾಡಿತು, ಕಾರ್ಮಿಕರ ದೂರುಗಳಿಗಾಗಿ. ನಮ್ಮ ಕರಾವಳಿಯವರಿಗೆ ಅಲ್ಲಿ ಹಿಂದಿ, ಮಲಯಾಳ ಎರಡೂ ಆರು ತಿಂಗಳಲ್ಲಿ ಬರುತ್ತದೆ. ಕನ್ನಡ ಕಲಿಯುವ ಬೇರೆಯವರು ನನಗೆ ಸಿಗಲಿಲ್ಲ. ತುಳು, ಬ್ಯಾರಿ, ಕೊಂಕಣಿ, ಭಟ್ಕಳದ ನವಾಯತಿ, ಇವೆಲ್ಲ ಮನೆಯ ಒಳಗಿನ ಮಾತು. ಸ್ಕೂಲಿನ ಆಡಿಟೋರಿಯಂ ಬಾಡಿಗೆಗೆ ಹಿಡಿದು ಯಕ್ಷಗಾನ ಆಡುತ್ತಾರೆ. ರಜೆಯ ದಿನ ಕನ್ನಡ ಪಾಠಶಾಲೆ ನಡೆಯುತ್ತದೆ. ಅಲ್ಲಿನ ಮಕ್ಕಳು ‘ಅ ಆ ಇ ಈ’ ಬರೆಯುವುದನ್ನು ನೋಡುವಾಗ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳ ನೆನಪಾಗಿ ಸ್ವಲ್ಪ ನಾಚಿಕೆಯೇ ಆಯಿತು.

ಕಷ್ಟ ಇರುವುದು ಈ ಮಕ್ಕಳಿಗೇ. ಅಲ್ಲೇ ಹುಟ್ಟಿದರೂ ಅಲ್ಲಿನ ಪೌರರಲ್ಲ. ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಣಿ ಆಗಬೇಕು, ಪಾಸ್‌ಪೋರ್ಟ್ ಭಾರತದ್ದು. ಸ್ಕೂಲಲ್ಲಿ ಸಿಬಿಎಸ್‌ಇ, ಜೊತೆಗೆ ಒಂಬತ್ತನೇ ತರಗತಿವರೆಗೆ ಅರೇಬಿಕ್ ಕಡ್ಡಾಯ. ಪಕ್ಕದ ಸ್ಕೂಲು ಬ್ರಿಟಿಷ್, ಅದರ ಪಕ್ಕದ್ದು ಫಿಲಿಪೀನ್ಸಿನದು. ಅಂದರೆ ಇನ್ನೂರು ದೇಶದ ಮಕ್ಕಳು ಒಂದೇ ಊರಲ್ಲಿ ಬೆಳೆಯುತ್ತಾರೆ, ಒಂದೇ ಬೆಂಚಿನಲ್ಲಿ ಕೂರುವುದು ಕಮ್ಮಿ. ಗಂಡು ಮಕ್ಕಳಿಗೆ ಅಪ್ಪನ ವೀಸಾದಲ್ಲಿ ಇರಲು ಈಗ 25ರವರೆಗೆ ಅವಕಾಶ. ಮದುವೆ ಆಗದ ಹೆಣ್ಣು ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ. ಕಾಲೇಜಿಗೆ ಅಂತ ಮಂಗಳೂರಿಗೋ ಮಣಿಪಾಲಕ್ಕೋ ಬಂದ ಮಕ್ಕಳಿಗೆ ‘ನಿನ್ನ ಊರು ಯಾವುದು’ ಅಂತ ಕೇಳಿ ನೋಡಿ. ಪುತ್ತೂರು ಅನ್ನಬೇಕೋ ಶಾರ್ಜಾ ಅನ್ನಬೇಕೋ ಅಂತ ಅರೆಕ್ಷಣ ಯೋಚಿಸುತ್ತಾರೆ. ಅವರ ಅಪ್ಪನಿಗೋ ಅಲ್ಲಿ ಓಟಿಲ್ಲ, ಇಲ್ಲಿ ಓಟು ಹಾಕಬೇಕೆಂದರೆ ವಿಮಾನ ಹತ್ತಿ ಬೂತಿಗೇ ಬರಬೇಕು.

ಹಾಗಾದರೆ ಏನು ಬದಲಾಗುತ್ತಿದೆ? 2019ರಲ್ಲಿ ಗೋಲ್ಡನ್ ವೀಸಾ ಶುರುವಾಯಿತು. ಹತ್ತು ವರ್ಷದ್ದು, ಯಾವ ಕಂಪನಿಯ ಹಂಗೂ ಇಲ್ಲ. 20 ಲಕ್ಷ ದಿರಹಮಿನ ಆಸ್ತಿ ಕೊಂಡವರಿಗೆ ಸಿಗುತ್ತದೆ, ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿಗಿಂತ ಮೇಲೆ. ಡಾಕ್ಟರು, ವಿಜ್ಞಾನಿ, ಜಾಸ್ತಿ ಸಂಬಳದ ತಜ್ಞರಿಗೂ ಇದೆ. 2025ರಲ್ಲಿ ದುಬೈನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 15 ವರ್ಷಕ್ಕಿಂತ ಹೆಚ್ಚು ದುಡಿದ ನರ್ಸುಗಳಿಗೂ ಕೊಡುತ್ತೇವೆ ಅಂದರು. ಇದು ನನಗೆ ತುಂಬಾ ಹಿಡಿಸಿದ ಸುದ್ದಿ. 55 ದಾಟಿದ ಉಳ್ಳವರಿಗೆ ನಿವೃತ್ತಿ ವೀಸಾ ಬಂತು. 2021ರಲ್ಲಿ ಕೆಲವೇ ಕೆಲವರಿಗೆ ಪೌರತ್ವದ ಬಾಗಿಲೂ ಸ್ವಲ್ಪ ತೆರೆಯಿತು. ಆದರೆ ಅರ್ಜಿ ಹಾಕುವಂತಿಲ್ಲ, ಅವರೇ ಹೆಸರು ಸೂಚಿಸಬೇಕು. 2023ರಿಂದ ಮುಸ್ಲಿಮರಲ್ಲದವರಿಗೆ ಬೇರೆ ಕೌಟುಂಬಿಕ ಕಾನೂನು ಇದೆ. ಉಯಿಲು ಇಲ್ಲದೆ ಸತ್ತರೆ ಅರ್ಧ ಆಸ್ತಿ ಗಂಡ ಅಥವಾ ಹೆಂಡತಿಗೆ, ಉಳಿದರ್ಧ ಮಕ್ಕಳಿಗೆ ಸಮಪಾಲು. ಗಂಡ ತೀರಿಕೊಂಡಾಗ ಬ್ಯಾಂಕ್ ಖಾತೆ ಸ್ತಂಭನ ಆಗಿ ಪರದಾಡಿದ ಹೆಂಗಸರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಈ ಕಾನೂನುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮೊದಲು ಊರಲ್ಲಿ ಎರಡೇ ಜಾತಿ ಇತ್ತು: ಪೌರರು, ಹೊರಗಿನವರು. ಹೊರಗಿನವರಲ್ಲಿ ದೊಡ್ಡ ಮ್ಯಾನೇಜರೂ ಅವನ ಡ್ರೈವರೂ ಕ್ಯಾನ್ಸಲ್ ಅನ್ನುವ ಮಾತಿಗೆ ಒಂದೇ ಥರ ಹೆದರುತ್ತಿದ್ದರು. ಈಗ ಮ್ಯಾನೇಜರು ಹೆದರಬೇಕಿಲ್ಲ. ಅವನು ಮನೆ ಕೊಳ್ಳುತ್ತಾನೆ, ಗಿಡ ನೆಡುತ್ತಾನೆ, ಮಗಳ ಸ್ಕೂಲಿನ ಫೀ ಏರಿದರೆ ಕೇಳುತ್ತಾನೆ. ಉಳಿಯುತ್ತೇನೆ ಅಂತ ಗೊತ್ತಾದವನು ಮೆಲ್ಲಗೆ ಪಾಲು ಕೇಳಲು ಶುರುಮಾಡುತ್ತಾನೆ. ಡ್ರೈವರಿನ ಕಾರ್ಡು ಮಾತ್ರ ಇನ್ನೂ ಎರಡೇ ವರ್ಷದ್ದು. ದುಬೈನ ಭೇದ ಮೊದಲು ಪಾಸ್‌ಪೋರ್ಟಿನ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು. ಮುಂದೆ ವೀಸಾದ ಅವಧಿಯಲ್ಲಿ ಕಾಣಬಹುದು ಅನ್ನುವುದು ನನ್ನ ಅಂದಾಜು. ಮಂಗಳೂರಿನವನೂ ಮಂಗಳೂರಿನವನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬಹುದು.

ನಾವು ಹೊರಟದ್ದು ನನ್ನ ಪ್ರಾಜೆಕ್ಟು ಮುಗಿದು ಕ್ಯಾನ್ಸಲ್ ಆದಾಗ. ಕಾಕನ ಬಾಗಿಲಿಗೆ ನಾವೂ ಒಂದು ಚೀಟಿ ಅಂಟಿಸಿದೆವು. ಸೋಫಾ ಮೊದಲ ದಿನವೇ ಹೋಯಿತು, ಫ್ರಿಜ್ ಮೂರನೇ ದಿನ. ಕೊನೆಗೆ ಉಳಿದದ್ದು ದೋಸೆ ಹಿಟ್ಟು ರುಬ್ಬುವ ಗ್ರೈಂಡರು. ಅದನ್ನು ನಾವು ಕೊಂಡದ್ದು ಹೀಗೇ ಊರು ಬಿಡುತ್ತಿದ್ದ ತಿರುನೆಲ್ವೇಲಿಯ ಒಂದು ಫ್ಯಾಮಿಲಿಯಿಂದ. ಅಡಿಯಲ್ಲಿ ಮಾರ್ಕರಿನಲ್ಲಿ ಒಂದು ಫ್ಲಾಟ್ ನಂಬರು ಬರೆದು ಹೊಡೆದುಹಾಕಿದ್ದರು, ಅದರ ಕೆಳಗೆ ಇನ್ನೊಂದು. ನಮ್ಮದನ್ನು ಬರೆಯಲು ನನ್ನ ಹೆಂಡತಿ ಒಪ್ಪಿರಲಿಲ್ಲ.

ಕೊಳ್ಳಲು ಬಂದದ್ದು ಆಗಷ್ಟೇ ವಿಜಯವಾಡದಿಂದ ಬಂದಿದ್ದ ಒಂದು ಜೋಡಿ. ಆ ಹುಡುಗಿ ಕಲ್ಲು ತಿರುಗಿಸಿ ನೋಡಿದಳು, ಪ್ಲಗ್ ಹಾಕಿ ಸದ್ದು ಕೇಳಿದಳು, 60 ದಿರಹಮಿನಿಂದ 40ಕ್ಕೆ ಇಳಿಸಿದಳು. ಎಷ್ಟು ವರ್ಷ ಇರುತ್ತೀರಿ ಅಂತ ಕೇಳಿದ್ದಕ್ಕೆ ‘ಎರಡು ವರ್ಷ ಅಣ್ಣಾ, ಸ್ವಲ್ಪ ಸಾಲ ಇದೆ, ತೀರಿಸಿ ಹೋಗುತ್ತೇವೆ’ ಅಂದಳು. ಕಾಕನ ಅಂಗಡಿಯ ಟ್ರಾಲಿಯಲ್ಲಿ ಗ್ರೈಂಡರು ಇಟ್ಟು ಇಬ್ಬರೂ ತಳ್ಳಿಕೊಂಡು ರಸ್ತೆ ದಾಟಿದರು. ಟ್ರಾಲಿ ರಾತ್ರಿಯೊಳಗೆ ವಾಪಸ್ ಬೇಕು ಅಂತ ಕಾಕ ಹಿಂದಿನಿಂದ ಮಲಯಾಳದಲ್ಲಿ ಕೂಗಿದರು. ಅವರು ತೆಲುಗಿನಲ್ಲಿ ಸರಿ ಅಂದರು.